ಎರಡನೇ ಕೂಗಿಗೆ ಕಾದ ಮಳೆಗಾಲ

ಮೊನ್ನೆ ಕೆಂಚಾರ್ಲಹಳ್ಳಿಗೆ ಹೋಗಿದ್ದೆ. ತಮ್ಮನ ಮನೆಯ ಜಗಲಿಯ ತುಂಬ ಹಿಪ್ಪುನೇರಳೆ ಸೊಪ್ಪು ಹರಡಿ ಫ್ಯಾನ್ ಹಾಕಿದ್ದರು. ಮಳೆಯಲ್ಲಿ ನೆನೆದ ಸೊಪ್ಪನ್ನು ರೇಷ್ಮೆ ಹುಳುವಿಗೆ ಹಾಗೇ ಹಾಕುವಂತಿಲ್ಲ, ಹಾಕಿದರೆ ಹುಳು ಕಾಯಿಲೆ ಬೀಳುತ್ತದೆ. ಆರುತ್ತಿರುವ ಸೊಪ್ಪಿನಿಂದ ಒಂದು ಹಸಿ ವಾಸನೆ ಏಳುತ್ತದೆ. ಅದು ಮೂಗಿಗೆ ತಾಕಿದ್ದೇ ತಡ, ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲ ಪೂರ್ತಿಯಾಗಿ ಎದುರಿಗೆ ಬಂದು ನಿಂತಿತು. ನಮ್ಮ ಭವ್ಯ ಕೆಲಸ ಆರಿಸಿಕೊಂಡ ವರ್ಷ ಅದು. ಆರಿಸಿಕೊಂಡಳೋ, ಉಳಿದದ್ದನ್ನು ತೆಗೆದುಕೊಂಡಳೋ, ಇವತ್ತಿಗೂ ನನಗೆ ಖಚಿತವಿಲ್ಲ.

ಯಾರು ಏನು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದು, ಕೊನೆಗೆ ಮೇಟ್ರನ್ ಆಗಿ ನಿವೃತ್ತಳಾದವಳು. ಶಿಡ್ಲಘಟ್ಟದಲ್ಲಿ ಒಬ್ಬಳೇ ಇದ್ದೇನೆ. ಬೀದಿಯವರಿಗೆಲ್ಲ ಸಿಸ್ಟರಮ್ಮ. ತಮ್ಮ ಮುನಿರಾಜ ಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುತ್ತಾನೆ. ಭವ್ಯ ಅವನ ಒಬ್ಬಳೇ ಮಗಳು. ಡಾಂಬರು ರಸ್ತೆಗೆ ಅಂಟಿಕೊಂಡಿದ್ದ ತೋಟವನ್ನು ಮಾರಿ ಮುನಿರಾಜ ಅವಳನ್ನು ಪೈಲಟ್ ತರಬೇತಿಗೆ ಕಳಿಸಿದ್ದ. ಅವಳು ಚೆನ್ನಾಗಿಯೇ ಕಲಿತಳು. ಲೈಸೆನ್ಸ್ ಕೈಗೆ ಬಂತು. ಕೆಲಸ ಮಾತ್ರ ಬರಲಿಲ್ಲ.

ಹೊರಗಿನವರಿಗೆ ಇದು ಅರ್ಥವಾಗುವುದು ಕಷ್ಟ. ಪೈಲಟ್ ಲೈಸೆನ್ಸ್ ಎಂದರೆ ಡಿಗ್ರಿಯ ಹಾಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕುವ ವಸ್ತುವಲ್ಲ. ಆಗಾಗ ಹಾರುತ್ತಿರಬೇಕು, ಆಗಾಗ ಪರೀಕ್ಷೆ ಕೊಡುತ್ತಿರಬೇಕು, ಡಾಕ್ಟರ ಮುಂದೆ ನಿಂತು ಕಣ್ಣು ಕಿವಿ ತೋರಿಸುತ್ತಿರಬೇಕು. ಬಿಟ್ಟರೆ ಅದು ಬಾಡುತ್ತದೆ. ಕೆಲಸವಿಲ್ಲದ ಪೈಲಟ್ ತನ್ನ ಖರ್ಚಿನಲ್ಲೇ ಹಾರಬೇಕು, ಮಾರಲು ಮುನಿರಾಜನ ಬಳಿ ಇನ್ನೊಂದು ತೋಟ ಇರಲಿಲ್ಲ.

ಹಳ್ಳಿಯಲ್ಲಿ ನೆಟ್‌ವರ್ಕ್ ಸರಿಯಿಲ್ಲವೆಂದು ಭವ್ಯ ಓದಲು ನನ್ನ ಮನೆಗೆ ಬಂದಳು. ನನ್ನ ಮನೆಯಲ್ಲಿ ಎಲ್ಲಕ್ಕೂ ಹೊತ್ತು ಗೊತ್ತು ಉಂಟು. ಬೆಳಕು ಹರಿಯುವ ಮೊದಲು ಏಳುವುದು, ಹಾಸಿಗೆ ಮಡಚುವುದು, ಕೆರೆ ಏರಿಯ ಮೇಲೆ ನಡಿಗೆ, ಸ್ನಾನ, ತಿಂಡಿ, ಓದು. ಮೊದಲ ವಾರ ಗೊಣಗಿದಳು. ಆಮೇಲೆ ನನಗಿಂತ ಮುಂಚೆ ಎದ್ದು ಟೀ ಇಡತೊಡಗಿದಳು. ಕೆಲಸವಿಲ್ಲದವರಿಗೆ ದಿನಚರಿಯೇ ಊರುಗೋಲು ಎಂದು ನಾನು ನಂಬುತ್ತೇನೆ. ಆದರೂ ಮಧ್ಯಾಹ್ನದ ಹೊತ್ತು ಅವಳು ಪುಸ್ತಕ ತೆರೆದಿಟ್ಟುಕೊಂಡು ಒಂದೇ ಪುಟವನ್ನು ನೋಡುತ್ತ ಕೂತಿರುವುದು ಅಡುಗೆಮನೆಯಿಂದ ಕಾಣುತ್ತಿತ್ತು.

ಬೀದಿಯವರು ಸುಮ್ಮನಿರುತ್ತಾರೆಯೇ? ಎದುರು ಮನೆಯ ನಜೀರ್ ಭಾಯ್ ರೀಲರ್, ರೇಷ್ಮೆ ಗೂಡು ಕೊಂಡು ನೂಲು ತೆಗೆಸುವವರು. ಒಳ್ಳೆಯ ಮನುಷ್ಯ, ಆದರೆ ನಾಲಿಗೆಗೆ ಬಿಡುವಿಲ್ಲ.

"ಏನು ಸಿಸ್ಟರಮ್ಮ, ಪೈಲಟ್ ಮೇಡಂ ಇನ್ನೂ ನಮ್ಮ ಬೀದೀಲೇ ಪಾರ್ಕಿಂಗಾ?"

"ಹೂಂ ಭಾಯ್," ಎಂದಳು ಭವ್ಯ. "ನಿಮ್ಮ ಸ್ಕೂಟರ್ ಅಡ್ಡ ಇದೆ. ತೆಗೀರಿ, ಟೇಕಾಫ್ ಮಾಡ್ತೀನಿ."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಳಗೆ ಬಂದ ಮೇಲೆ ಭವ್ಯ ನಗಲಿಲ್ಲ.

ಮಳೆ ಹಿಡಿಯುವ ಹೊತ್ತಿಗೆ ಮೊದಲ ಕರೆ ಬಂತು. ಸಣ್ಣ ಸಣ್ಣ ಊರುಗಳ ನಡುವೆ ಓಡಾಡುವ ಒಂದು ವಿಮಾನ ಕಂಪನಿ. ಪಂಖ ತಿರುಗುವ ಪುಟ್ಟ ವಿಮಾನಗಳು. ಪರೀಕ್ಷೆ, ಸಂದರ್ಶನ ಎರಡೂ ಮುಗಿದಿದ್ದವು. ಕೋ-ಪೈಲಟ್ ಕೆಲಸ. ತರಬೇತಿ ಕಂಪನಿಯದೇ, ಬದಲಿಗೆ ಕೆಲವು ವರ್ಷ ಬಿಟ್ಟುಹೋಗುವುದಿಲ್ಲವೆಂದು ಬಾಂಡ್ ಬರೆದುಕೊಡಬೇಕು. ಇರಬೇಕಾದ್ದು ಉತ್ತರದ ಕಡೆಯ ಒಂದು ಊರಿನಲ್ಲಿ. ಮರುದಿನ ಸಂಜೆಯೊಳಗೆ ಹೂಂ ಅಥವಾ ಊಹೂಂ ಹೇಳಬೇಕು.

ಮರುದಿನ ಮುನಿರಾಜ ಗೂಡು ತುಂಬಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಬಂದಿದ್ದ. ಭವ್ಯ ಮತ್ತು ನಾನು ಅವನಿಗೆ ತಿಂಡಿ ಕಟ್ಟಿಕೊಂಡು ಅಲ್ಲಿಗೇ ಹೋದೆವು. ಈ ಮಾರುಕಟ್ಟೆಯ ಕ್ರಮವನ್ನು ಹೇಳಬೇಕು, ಏಕೆಂದರೆ ಎಲ್ಲವೂ ಕೆಟ್ಟಿದ್ದು ಅದರಿಂದಲೇ. ರೈತನ ಗೂಡಿಗೆ ರೀಲರ್‌ಗಳು ಫೋನಿನಲ್ಲಿ ದರ ಒತ್ತುತ್ತಾರೆ. ಬಂದ ದರ ರೈತನಿಗೆ ಹಿಡಿಸದಿದ್ದರೆ ಬೇಡವೆನ್ನಬಹುದು, ಮುಂದಿನ ಸುತ್ತಿನ ಹರಾಜಿಗೆ ಕಾಯಬಹುದು. ಬಾಯಲ್ಲಿ ಕೂಗುತ್ತಿದ್ದ ಕಾಲ ಹೋಗಿದ್ದರೂ ನಮ್ಮ ಕಡೆಯವರು ಇದನ್ನು ಇನ್ನೂ ಕೂಗು ಎಂದೇ ಅನ್ನುತ್ತಾರೆ. ಮುನಿರಾಜ ತನ್ನ ಜೀವಮಾನದಲ್ಲಿ ಮೊದಲನೇ ಕೂಗಿಗೆ ಗೂಡು ಕೊಟ್ಟವನಲ್ಲ. ಅದು ಅವನ ಹೆಮ್ಮೆ.

ಭವ್ಯ ವಿಷಯ ಹೇಳಿದಳು. ಅವನು ಇಡ್ಲಿ ಮುರಿಯುತ್ತ ಕೇಳಿಸಿಕೊಂಡ.

"ಸಂಜೆ ಒಳಗೆ ಹೇಳು ಅಂದ್ರಾ? ಹಂಗಾದ್ರೆ ಅವ್ರಿಗೇ ಅರ್ಜೆಂಟು ಅಂತಾಯ್ತಲ್ಲಮ್ಮ."

"ಅಪ್ಪ, ನನ್ನಂಥೋರು ಎಷ್ಟೋ ಜನ ಕಾಯ್ತಾವ್ರೆ."

"ಗೂಡೂ ಎಷ್ಟೋ ಲಾಟು ಬಂದವೆ ನೋಡು ಇಲ್ಲಿ. ಒಳ್ಳೆ ಗೂಡಿಗೆ ಒಳ್ಳೆ ರೇಟು. ಮೊದಲನೇ ಕೂಗಿಗೆ ಕೈ ಚಾಚಬಾರ್ದು. ಬಾಂಡು ಕಮ್ಮಿ ಮಾಡಿ, ಬೆಂಗಳೂರಲ್ಲೇ ಹಾಕಿ, ಅಂತ ಕೇಳು. ಮತ್ತೆ ಕರೀತಾರೆ."

ನಾನು ಸುಮ್ಮನಿರಲಿಲ್ಲ. "ಮುನಿರಾಜ, ಇದು ಗೂಡಲ್ಲ ಕಣೋ. ಆರ್ಡರ್ ಬಂದ ದಿನವೇ ಹೋಗಿ ಸೇರ್ಕೋಬೇಕು."

"ನಿಂದು ಸರ್ಕಾರಿ ಕೆಲಸ ಅಕ್ಕ. ಇದು ಕಂಪನಿ. ಕಂಪನಿ ಅಂದ್ರೆ ವ್ಯಾಪಾರ. ವ್ಯಾಪಾರ ನಂಗೆ ಗೊತ್ತಿಲ್ವಾ?"

ಅವನ ದುರದೃಷ್ಟವೋ ನಮ್ಮ ದುರದೃಷ್ಟವೋ, ಆ ದಿನ ಅವನು ಮೊದಲ ದರವನ್ನು ಬೇಡವೆಂದ, ಎರಡನೇ ಸುತ್ತಿನಲ್ಲಿ ದರ ಏರಿತು. ಪರದೆಯ ಮೇಲೆ ಅಂಕಿ ಬಂದಾಗ ಮಗಳ ಕಡೆ ತಿರುಗಿ ಹುಬ್ಬು ಹಾರಿಸಿದ. ಪಕ್ಕದವರು ಬೆನ್ನು ತಟ್ಟಿದರು. ಅಂಥ ಗಳಿಗೆಯಲ್ಲಿ, ಅವನ ತೋಟ ಮಾರಿ ಓದಿದ ಹುಡುಗಿ ಅವನ ಮಾತು ಮೀರುವುದು ಸುಲಭವಿರಲಿಲ್ಲ. ಮಾರುಕಟ್ಟೆಯ ಗೇಟಿನ ಹೊರಗೆ ನಿಂತು ಭವ್ಯ ಕಂಪನಿಗೆ ಫೋನ್ ಮಾಡಿದಳು. ಬಾಂಡಿನ ಅವಧಿ ಕಡಿಮೆ ಮಾಡಲು ಸಾಧ್ಯವೇ, ಬೆಂಗಳೂರಿನಲ್ಲಿ ಅವಕಾಶವಿದೆಯೇ ಎಂದು ಬಹಳ ಮರ್ಯಾದೆಯಿಂದ ಕೇಳಿದಳು. ಆ ಕಡೆಯಾಕೆಯೂ ಮರ್ಯಾದೆಯಿಂದಲೇ, ವಿಚಾರಿಸಿ ತಿಳಿಸುತ್ತೇವೆ ಎಂದಳು.

ತಿಳಿಸಲಿಲ್ಲ. ಕೆಲವು ದಿನ ಕಾದು ಭವ್ಯ ತಾನೇ ವಿಚಾರಿಸಿದಳು. ಆ ಜಾಗ ಭರ್ತಿಯಾಗಿತ್ತು. ಮುಂದಿನ ಬ್ಯಾಚ್ ಯಾವಾಗ ಎಂದು ಕೇಳಿದ್ದಕ್ಕೆ, ಹೇಳಲಾಗುವುದಿಲ್ಲ ಎಂದರು.

ಆಮೇಲಿನ ವಾರಗಳು ಕೆಟ್ಟವು. ಮಳೆ ಬಿಟ್ಟು ಬಿಟ್ಟು ಹೊಡೆಯುತ್ತಿತ್ತು, ಮನೆಯೊಳಗೆ ಬಟ್ಟೆ ಆರುತ್ತಿರಲಿಲ್ಲ. ಜೊತೆಗೆ ಕಲಿತವರ ಫೋಟೋಗಳು ಅವಳ ಫೋನಿಗೆ ಬರುತ್ತಿದ್ದವು. ಭುಜದ ಮೇಲೆ ಪಟ್ಟಿ, ಹಿಂದೆ ಪಂಖದ ವಿಮಾನ. ಅವಳು ನೋಡಿ, ಮೆಚ್ಚುಗೆ ಒತ್ತಿ, ಫೋನನ್ನು ಬೋರಲು ಹಾಕುತ್ತಿದ್ದಳು. ಅಪ್ಪನ ಮೇಲೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು. ಅವನು ಫೋನ್ ಮಾಡಿದರೆ "ಊಟ ಆಯ್ತು, ಅತ್ತೆಗೆ ಕೊಡ್ತೀನಿ" ಎಂದು ನನ್ನ ಕೈಗೆ ದಾಟಿಸುತ್ತಿದ್ದಳು. ಅವನೋ ನನ್ನ ಹತ್ತಿರ ಮಳೆಯ ವಿಷಯ, ಸೊಪ್ಪಿನ ವಿಷಯ ಮಾತಾಡಿ, ಕೊನೆಗೆ ದನಿ ತಗ್ಗಿಸಿ ಕೇಳುತ್ತಿದ್ದ: "ಏನಾದ್ರೂ ಫೋನ್ ಬಂತಾ ಅಕ್ಕ?"

ಆ ವಾರಗಳಲ್ಲೇ ಒಂದು ದಿನ ಅವಳು ಓದು ನಿಲ್ಲಿಸಿದಳು. ಬೆಳಿಗ್ಗೆ ಏಳಲಿಲ್ಲ. ನಾನು ಹಾಸಿಗೆಯ ಪಕ್ಕ ನಿಂತು, ವಾರ್ಡಿನಲ್ಲಿ ನಿಲ್ಲುತ್ತಿದ್ದ ಹಾಗೆಯೇ ನಿಂತು, "ಎದ್ದೇಳಮ್ಮ, ಹೊತ್ತಾಯ್ತು" ಎಂದೆ.

"ಎದ್ದು ಏನ್ ಮಾಡ್ಲಿ ಅತ್ತೆ?"

"ಹಾಸಿಗೆ ಮಡಚು," ಎಂದೆ. ಮಡಚಿದಳು. ಆಮೇಲೆ ಟೀ ಕುಡಿದಳು. ಆಮೇಲೆ ಕೆರೆ ಏರಿಗೆ ಬಂದಳು. ಅಷ್ಟೇ ನನ್ನ ಕೈಲಿ ಆದದ್ದು.

ಮಳೆ ಸ್ವಲ್ಪ ಹಿಂದೆ ಸರಿದಾಗ ಎರಡನೆಯ ಕಂಪನಿಯ ಸಂದರ್ಶನ ನಡೆಯಿತು. ಇವರು ಜನರನ್ನು ಕೂರಿಸಿಕೊಂಡು ಹೋಗುವವರಲ್ಲ, ಸರಕಿನವರು. ಪ್ರಯಾಣಿಕರ ಹಳೆಯ ಜೆಟ್ ವಿಮಾನಗಳ ಸೀಟು ಕಿತ್ತು, ಅಲ್ಲಿ ಪಾರ್ಸೆಲ್ ತುಂಬಿ, ರಾತ್ರಿ ಹೊತ್ತು ಊರಿಂದೂರಿಗೆ ಒಯ್ಯುವವರು. ನಾವು ಫೋನಿನಲ್ಲಿ ಒತ್ತಿ ತರಿಸಿಕೊಳ್ಳುವ ಸಾಮಾನೆಲ್ಲ ಹಾಗೆಯೇ ಬರುತ್ತದಂತೆ. ಆಯ್ಕೆಯಾಗಿರುವುದು ಬಹುತೇಕ ಖಚಿತ, ನಾಳಿದ್ದು ಮಧ್ಯಾಹ್ನದೊಳಗೆ ಫೋನ್ ಬರುತ್ತದೆ ಎಂದು ತಿಳಿಯಿತು. ಮರುದಿನ ಬೆಳಿಗ್ಗೆ ಏರಿಯ ಮೇಲೆ ನಡೆಯುತ್ತ ಭವ್ಯ ಮೊದಲ ಬಾರಿಗೆ ನನಗೆ ಎಲ್ಲವನ್ನೂ ಬಿಡಿಸಿ ಹೇಳಿದಳು.

"ಆ ಸಣ್ಣ ವಿಮಾನದ ಕೆಲಸ ಸಿಕ್ಕಿದ್ರೆ ದಿನಕ್ಕೆ ನಾಲ್ಕು ಸಲ ಏರೋದು ಇಳಿಯೋದು ಇರ್ತಿತ್ತು ಅತ್ತೆ. ಚಿಕ್ಕ ಚಿಕ್ಕ ರನ್‌ವೇ. ಕೈ ಪಳಗ್ತಿತ್ತು. ಕಾರ್ಗೋದಲ್ಲಿ ಜೆಟ್ ಸಿಗತ್ತೆ, ಮುಂದೆ ದೊಡ್ಡ ಕಂಪನಿಗೆ ಹೋಗೋಕೆ ಅದು ಒಳ್ಳೇದು ಅಂತಾರೆ. ಆದ್ರೆ ರಾತ್ರಿಗೆ ಒಂದೋ ಎರಡೋ ಲ್ಯಾಂಡಿಂಗ್. ಅದನ್ನೂ ಕ್ಯಾಪ್ಟನ್‌ಗಳೇ ಮಾಡ್ತಾರೆ. ನಾನು ತಿಂಗಳುಗಟ್ಲೆ ಪಕ್ಕದಲ್ಲಿ ಕೂತು ನೋಡ್ಬೇಕು."

"ನಿಂಗೇನು ಬೇಕು?"

"ಕೈ ಪಳಗಬೇಕು."

"ಆ ಸಣ್ಣ ವಿಮಾನದವರು ಮುಂದಿನ ಬ್ಯಾಚಿಗೆ ಕರೆದರೆ?"

"ಕರೆಯದಿದ್ರೆ? ನನ್ನ ಪರೀಕ್ಷೆಗಳ ಅವಧಿ ಮುಗೀತಾ ಬಂತು ಅತ್ತೆ. ಮತ್ತೆ ಅಪ್ಪನ್ನ ಏನು ಮಾರು ಅನ್ಲಿ?"

ರಾತ್ರಿ ಪಾಳಿ ಎಂದರೇನು ಎಂದು ನನಗೆ ಗೊತ್ತು. ಹಗಲು ಮಲಗುವ ಮನೆಯಲ್ಲಿ ಕುಕ್ಕರ್ ಕೂಗುತ್ತದೆ, ನೆಂಟರು ಬರುತ್ತಾರೆ, ಮದುವೆಗಳಿಗೆ ಹೋಗಿ ಕೂತಲ್ಲೇ ತೂಕಡಿಸಬೇಕಾಗುತ್ತದೆ. ರಾತ್ರಿ ಕೆಲಸಕ್ಕೆ ಹೋಗುವ ಹೆಣ್ಣನ್ನು ಜನ ಯಾವ ಕಣ್ಣಿನಿಂದ ನೋಡುತ್ತಾರೆ ಎಂದೂ ಗೊತ್ತು. ಅದನ್ನೆಲ್ಲ ಅವಳಿಗೆ ಹೇಳಿದೆ, ಏನನ್ನೂ ಕಡಿಮೆ ಮಾಡಿ ಹೇಳಲಿಲ್ಲ. ಹೋಗು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ದುಡಿಯುವ ಮೈ ಅವಳದು.

ಮನೆಗೆ ಬರುವಷ್ಟರಲ್ಲಿ ಹಳ್ಳಿಯಿಂದ ಮುನಿರಾಜನ ಹೆಂಡತಿ ರತ್ನಮ್ಮನ ಫೋನ್. ಹುಳು ನಾಳೆಗೆ ಹಣ್ಣಾಗುತ್ತವೆ, ಮಳೆಗೆ ಕೂಲಿಯವರು ಬರುತ್ತಿಲ್ಲ, ಇಬ್ಬರೂ ಬನ್ನಿ. ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ಹಣ್ಣು ಹುಳು ಎನ್ನುತ್ತಾರೆ. ಅವನ್ನು ಒಂದೊಂದಾಗಿ ಆರಿಸಿ, ಚಂದ್ರಿಕೆ ಎಂಬ ಬಿದಿರಿನ ತಟ್ಟೆಯ ಮೇಲೆ ಬಿಡಬೇಕು. ಅವು ಯಾರಿಗೂ ಕಾಯುವುದಿಲ್ಲ, ಬಿಟ್ಟರೆ ಇದ್ದಲ್ಲೇ ನೂಲು ಚೆಲ್ಲುತ್ತವೆ. ಮರುದಿನ ಬೆಳಿಗ್ಗೆಯ ಮೊದಲ ಬಸ್ಸಿಗೆ ಹೊರಟೆವು.

ಹುಳುಮನೆಗೆ ಮುನಿರಾಜನದೇ ಶಿಸ್ತು. ಒಳಗೆ ಹೋದವರು ಕೆಲಸ ಮುಗಿಯುವ ತನಕ ಹೊರಗೆ ಬರುವಂತಿಲ್ಲ, ಹೊರಗಿನ ರೋಗ ಒಳಗೆ ಬರುತ್ತದೆಂದು. ಫೋನುಗಳೆಲ್ಲ ಜಗಲಿಯ ಬುಟ್ಟಿಯಲ್ಲಿ. ಅವತ್ತು ಭವ್ಯ ಫೋನ್ ಇಡುವಾಗ ಅವನು ನೋಡಿದ. ನಾಲ್ವರೂ ಬಾಗಿ ಹುಳು ಆರಿಸುತ್ತಿದ್ದೆವು. ರತ್ನಮ್ಮ ಆಂಧ್ರದ ಗಡಿಯ ಕಡೆಯವಳು, ಬೇಜಾರಾದಾಗ ತೆಲುಗು ನುಗ್ಗಿ ಬರುತ್ತದೆ.

"ದೇವುಡಾ! ರಾತ್ರಿ ಹೊತ್ತು ಪಾರ್ಸೆಲ್ ಲಾರಿ ಓಡಿಸೋಕಾ ಇಷ್ಟು ಓದಿದ್ದು?"

"ಲಾರಿ ಅಲ್ಲಮ್ಮ, ಜೆಟ್ಟು."

"ರೆಕ್ಕೆ ಕಟ್ಟಿದ್ರೆ ಲಾರಿ ಲಾರಿ ಅಲ್ವಾ? ಕೇಳ್ದೋರಿಗೆ ನಾನೇನಂತ ಹೇಳ್ಲಿ?"

"ಸುಮ್ನಿರೇ," ಎಂದು ಮುನಿರಾಜ ಗದರಿದ. ಅವನ ಕೈ ಎಂದಿನ ಹಾಗಿರಲಿಲ್ಲ. ಹಣ್ಣಾಗದ ಹುಳುವನ್ನೂ ಆರಿಸಿ ಹಾಕುತ್ತಿದ್ದ. ನಾನು ಅವನ್ನು ಹೆಕ್ಕಿ ಸೊಪ್ಪಿನ ಮೇಲೆ ವಾಪಸು ಬಿಡುತ್ತಿದ್ದೆ.

ಬುಟ್ಟಿಯಲ್ಲಿ ಫೋನ್ ಹೊಡೆದುಕೊಂಡಿತು. ಭವ್ಯ ತಲೆ ಎತ್ತಿ ಅಪ್ಪನನ್ನು ನೋಡಿದಳು. ಅವನೇ ಕೂಗಿದ:

"ಹೋಗು ಹೋಗು! ತಗೋ ಬೇಗ, ಕಟ್ ಆಗೋಗ್ತದೆ! ಈ ಸಲ ಏನೂ ಕೇಳ್ಬೇಡಮ್ಮ, ಹೂಂ ಅಂದ್ಬಿಡು!"

ಅವಳು ಹೊರಗೆ ಓಡಿದಳು. ಮುನಿರಾಜ ಜಾಲರಿಯ ಕಿಟಕಿಗೆ ಮುಖ ಒತ್ತಿ ನಿಂತ. ಕೈಯಲ್ಲಿ ಹುಳು ಹಾಗೇ ಇತ್ತು. ಭವ್ಯಳ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ನಮಸ್ಕಾರ, ಧನ್ಯವಾದ ಎಲ್ಲ ಆದ ಮೇಲೆ ಅವಳು ಕೇಳಿಯೇಬಿಟ್ಟಳು, ಹೊಸಬರಿಗೆ ಲ್ಯಾಂಡಿಂಗ್ ಯಾವಾಗಿನಿಂದ ಕೊಡುತ್ತೀರಿ ಎಂದು.

"ಕೇಳ್ಬೇಡ ಅಂದ್ನಲ್ಲ..." ಎಂದು ಮುನಿರಾಜ ಕಿಟಕಿಯಲ್ಲೇ ಗೊಣಗಿದ. ಒಂದು ಮಗು ಬಿದ್ದುದನ್ನು ನೋಡಿದವನ ಮುಖ ಹಾಗಾಗುತ್ತದೆ.

ಆ ಕಡೆಯವರು ಏನೋ ವಿವರವಾಗಿ ಹೇಳಿದರು. ಅವಳು ಕೇಳಿಸಿಕೊಂಡಳು. ಆಮೇಲೆ ಒಪ್ಪಿಕೊಂಡಳು.

"ಏನಂದ್ರು?" ಕಿಟಕಿಯ ಈಚೆಯಿಂದ ಅವನು.

"ತುಂಬಾ ದಿನ ಲ್ಯಾಂಡಿಂಗ್ ಸಿಗಲ್ಲ ಅಂದ್ರು. ಮುಂದಿನ ವಾರ ಬಂದು ಸೇರ್ಕೋ ಅಂದ್ರು."

"ರಾತ್ರಿನೇನಾ?"

"ರಾತ್ರಿನೇ."

ಅವನು ಕಣ್ಣು ಒರೆಸಿಕೊಂಡ, ತೋಳಿನಿಂದ, ಕೈಯಲ್ಲಿ ಹುಳು ಇದ್ದುದರಿಂದ. "ಸರಿ. ಕೈ ತೊಳ್ಕೊಂಡು ಒಳಗೆ ಬಾ. ಹುಳ ಕೆಳಗೆ ಬೀಳ್ತಾವೆ."

ಇಲ್ಲಿಗೆ ನಿಂತಿದ್ದರೆ ಈ ನೆನಪು ನನ್ನನ್ನು ಇಷ್ಟು ಕಾಡುತ್ತಿರಲಿಲ್ಲ. ಮುಂದಿನ ವಾರ ಅವಳು ಹೋಗಿ ಸರಕಿನ ಕಂಪನಿಯವರ ಬಾಂಡಿಗೆ ಸಹಿ ಹಾಕಿದಳು. ಬಟ್ಟೆ ಕಟ್ಟಿಕೊಂಡು ಹೋಗಲೆಂದು ಹಳ್ಳಿಗೆ ಬಂದ ದಿನ ಮುನಿರಾಜ ಆ ಬೆಳೆಯ ಗೂಡು ಬಿಡಿಸುತ್ತಿದ್ದ. ನಾನೂ ಅಲ್ಲೇ ಇದ್ದೆ. ಫೋನ್ ಬಂತು. ಭವ್ಯ ಎದ್ದು ಅಂಗಳದ ತುದಿಗೆ ಹೋದಳು. ಎರಡೇ ಮಾತಾಡಿ ಫೋನ್ ಇಟ್ಟಳು. ವಾಪಸು ಬಂದು ಗೂಡಿನ ರಾಶಿಯ ಮುಂದೆ ಕೂತಳು.

"ಯಾರಮ್ಮ?"

"ಆ ಸಣ್ಣ ವಿಮಾನದೋರು. ಯಾರೋ ಒಬ್ರು ಮೆಡಿಕಲ್‌ನಲ್ಲಿ ಫೇಲ್ ಆದ್ರಂತೆ. ಬರ್ತೀರಾ ಅಂತ."

"ಹೇಳಿರ್ಲಿಲ್ವಾ ನಾನು!" ಮುನಿರಾಜನ ಬಾಯಿಂದ ಮಾತು ಹಾರಿಬಿಟ್ಟಿತು. "ಮತ್ತೆ ಕರೀತಾರೆ ಅಂತ ಹೇಳಿರ್ಲಿಲ್ವಾ!"

ಹೇಳಿದ ಮೇಲೆ ಅವನು ಮಗಳ ಮುಖ ನೋಡಿದ. ಅವಳು ಅಳುತ್ತಿರಲಿಲ್ಲ, ಸಿಟ್ಟಾಗಿರಲಿಲ್ಲ. ಗೂಡಿಗೆ ಅಂಟಿದ ಕಸವನ್ನು ಒಂದೊಂದಾಗಿ ಕೀಳುತ್ತಿದ್ದಳು.

"ಸಹಿ ಹಾಕಿದ್ದೀನಲ್ಲಪ್ಪ," ಎಂದಳು.

ಅವನು ಎದ್ದು ಹಿತ್ತಲಿನ ಕಡೆ ಹೋದ. ಊಟಕ್ಕೆ ಕರೆದರೂ ಬರಲಿಲ್ಲ. ಎರಡು ದಿನದ ಮೇಲೆ ನಜೀರ್ ಭಾಯ್ ನಮ್ಮ ಗೇಟಿನ ಹತ್ತಿರ ಬಂದು, ಎಂದೂ ಇಲ್ಲದ ಹಾಗೆ ಮೆಲ್ಲಗೆ ಕೇಳಿದರು:

"ಸಿಸ್ಟರಮ್ಮ, ಮುನಿರಾಜಪ್ಪನಿಗೆ ಮೈ ಸರಿಯಿಲ್ವಾ? ಮಾರ್ಕೆಟ್ನಲ್ಲಿ ಮೊದಲನೇ ಕೂಗಿಗೇ ಗೂಡು ಕೊಟ್ಬಿಟ್ರು. ಎಲ್ರೂ ಬೇಡ ಅಂದ್ರೂ ಕೇಳ್ಲಿಲ್ಲ. ದುಡ್ಡು ಇಸ್ಕೊಂಡು ಹಂಗೇ ಹೊರಟೋದ್ರು."

ಮೈ ಸರಿಯಾಗಿದೆ ಭಾಯ್ ಎಂದೆ.

ಭವ್ಯ ಕೆಲಸಕ್ಕೆ ಸೇರಿದಳು. ತರಬೇತಿ ಮುಗಿದು, ಚಳಿ ಹಿಡಿದ ಮೇಲೆ ಮೊದಲ ರಜೆಗೆ ಹಳ್ಳಿಗೆ ಬಂದಳು. ರಾತ್ರಿಯೆಲ್ಲ ಹಾರಾಡಿ, ಬೆಂಗಳೂರಿನಿಂದ ನೇರವಾಗಿ ಬಸ್ಸು ಹತ್ತಿ, ತಿಂಡಿಯ ಹೊತ್ತಿಗೆ ಬಂದು, ಒಳಕೋಣೆಯಲ್ಲಿ ಬಿದ್ದುಕೊಂಡಳು. ಮಲಗುವ ಮೊದಲು ನಾನು ಕೇಳಿದೆ, ಲ್ಯಾಂಡಿಂಗ್ ಕೈಗೆ ಕೊಟ್ಟರೇ ಎಂದು. "ಇನ್ನೂ ಇಲ್ಲ ಅತ್ತೆ. ನೋಡ್ತಾ ಇದ್ದೀನಿ," ಎಂದಳು. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

ಅವಳು ಬಂದ ಸುದ್ದಿ ತಿಳಿದು ಕೈವಾರದಿಂದ ರತ್ನಮ್ಮನ ಅಣ್ಣ ಬಂದ. ಮಾತಿನ ದನಿ ದೊಡ್ಡದು. ಜಗಲಿಯಲ್ಲಿ ಕೂತು ಕಾಲು ಚಾಚಿ ಶುರುಮಾಡಿದ:

"ಎಲ್ಲಿ ನಮ್ಮ ಪೈಲಟ್ಟು? ಏನು ಭಾವ, ನಮ್ಮನ್ನೆಲ್ಲ ಯಾವಾಗ ಕೂರಿಸ್ಕೊಂಡು ಹೋಗೋದು?"

ರತ್ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಏರ್‌ಲೈನ್ಸ್‌ನಲ್ಲವ್ಳೆ ಅಣ್ಣ" ಎಂದು ಮಾತು ತೇಲಿಸಲು ನೋಡಿದಳು. ಬಂದವರಿಗೆಲ್ಲ ಅವಳು ಅಷ್ಟೇ ಹೇಳುತ್ತಿದ್ದುದು.

ಮುನಿರಾಜ ತಡೆದ. "ಅದ್ರಲ್ಲಿ ಸೀಟಿಲ್ಲಪ್ಪ. ಕಾರ್ಗೋ. ಬರೀ ಸಾಮಾನಿಗೆ ಜಾಗ. ನೀನು ಸ್ವಲ್ಪ ಮೆತ್ತಗೆ ಮಾತಾಡು, ರಾತ್ರಿ ಡ್ಯೂಟಿ ಮಾಡಿ ಬಂದು ಮಲಗವ್ಳೆ."

ಬಂದವನು ಬೆಪ್ಪಾಗಿ ಕಾಲು ಮಡಚಿಕೊಂಡ. ಆಗ ಒಳಕೋಣೆಯಿಂದ ಭವ್ಯಳ ದನಿ ಬಂತು, ಸುಸ್ತಾದ ದನಿ:

"ಮಾತಾಡಿ ಅಪ್ಪ, ಪರವಾಗಿಲ್ಲ. ಎದ್ದೇ ಇದ್ದೀನಿ. ಹಗಲು ನಿದ್ದೇನೇ ಬರಲ್ಲ."

ಮುನಿರಾಜ ನನ್ನ ಮುಖ ನೋಡಿದ. ನಾನು ಎದ್ದೆ. ರತ್ನಮ್ಮನಿಂದ ಒಂದು ಕಪ್ಪು ಕಂಬಳಿ, ನಾಲ್ಕು ಮೊಳೆ, ಒಂದು ಸುತ್ತಿಗೆ ಕೇಳಿ ಇಸಿದುಕೊಂಡೆ. ಒಳಗೆ ಹೋಗಿ, ಸ್ಟೂಲ್ ಹತ್ತಿ, ಬೆಳಕು ಒಳಗೆ ಬರದ ಹಾಗೆ ಕಿಟಕಿಗೆ ಕಂಬಳಿ ಹೊಡೆಯತೊಡಗಿದೆ.